ಸಾರಾ ಆಂಟಿಯ ಅಂಗಡಿ

ಪ್ರೀತಿಯ ಅಕ್ಕನವರಿಗೆ,

ನಿಮ್ಮ ಪತ್ರ ಬಂತು. ಕಳೆದ ಸಂಚಿಕೆಯಲ್ಲಿ ಕೊಚ್ಚಿಯ ಸಾರಾ ಕೋಹೆನ್ ಬಗ್ಗೆ ನಾನು ಬರೆದದ್ದು ನಾಲ್ಕೇ ಸಾಲು. ಅಷ್ಟನ್ನೇ ಹಿಡಿದು ನೀವು ಹಾಳೆ ತುಂಬ ಪ್ರಶ್ನೆ ಕೇಳಿದ್ದೀರಿ. ಬಹಳ ಸಂತೋಷವಾಯಿತು. ಆ ಹೆಣ್ಣುಮಗಳ ಬಗ್ಗೆ ಯಾರಾದರೂ ಕೇಳಲಿ ಎಂದು ನನಗೂ ಇತ್ತು. ನಿಮ್ಮ ಪ್ರಶ್ನೆಗಳಲ್ಲಿ ಒಂದು ಮಾತ್ರ ಮನಸ್ಸಿಗೆ ನಾಟಿತು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ, ತಮ್ಮವರೆಲ್ಲ ದೇಶ ಬಿಟ್ಟು ಹೋಗಿದ್ದಾರೆ. ಅಂಥವರು ತೀರಿಕೊಂಡ ಮೇಲೆ ಅವರ ಹೆಸರು ಹೇಳುವವರು ಯಾರು ಎಂದು ಕೇಳಿದ್ದೀರಿ. ನಿಮ್ಮ ಅವ್ವ ಹೋಗಿ ವರ್ಷ ತುಂಬುತ್ತಿರುವ ಹೊತ್ತಿನಲ್ಲಿ ನೀವು ಇದನ್ನು ಕೇಳುತ್ತಿದ್ದೀರಿ ಎನ್ನುವುದು ನನಗೆ ಗೊತ್ತು. ಅದಕ್ಕೇ ಈ ಸಲ ಪುರುಸೊತ್ತಾಗಿ ಕೂತು ಬರೆಯುತ್ತಿದ್ದೇನೆ.

ಸಾರಾ ಕೋಹೆನ್ ತೀರಿಕೊಂಡದ್ದು 2019ರ ಆಗಸ್ಟ್ 30ರಂದು, ಶುಕ್ರವಾರ. ಅವರಿಗೆ 96 ವರ್ಷ. ಶುಕ್ರವಾರ ಎನ್ನುವುದನ್ನು ಬೇಕೆಂದೇ ಹೇಳಿದೆ. ಯಹೂದಿಗಳಲ್ಲಿ ಹೆಣವನ್ನು ಇಟ್ಟುಕೊಂಡು ಕಾಯುವ ಪದ್ಧತಿಯಿಲ್ಲ, ಆದಷ್ಟು ಬೇಗ ಮಣ್ಣು ಮಾಡಬೇಕು. ಆದರೆ ಶುಕ್ರವಾರ ಹೊತ್ತು ಮುಳುಗಿದರೆ ಶಬ್ಬತ್ ಶುರುವಾಗುತ್ತದೆ. ಅಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಯಾವ ಕೆಲಸವನ್ನೂ ಮಾಡುವಂತಿಲ್ಲ, ಮಣ್ಣು ಅಗೆಯುವುದನ್ನು ಸಹ. ಹಾಗಾಗಿ ಭಾನುವಾರ ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಯಹೂದಿ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಬದುಕಿದ್ದಷ್ಟು ದಿನ ಶುಕ್ರವಾರ ಸಂಜೆಯ ದೀಪವನ್ನು ತಪ್ಪದೆ ಕಾದುಕೊಂಡು ಬಂದ ಹೆಂಗಸಿಗಾಗಿ ಊರು ಒಂದು ಇಡೀ ಶಬ್ಬತ್ ಕಾಯಿತು. ಇದು ನನಗೆ ಬಹಳ ಯುಕ್ತವಾಗಿ ಕಾಣುತ್ತದೆ.

ಅವರ ಮನೆ ಇದ್ದದ್ದು ಜ್ಯೂ ಟೌನ್ ಎಂದು ಕರೆಯುವ ಓಣಿಯಲ್ಲಿ. ಓಣಿಯ ಕೊನೆಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಪರದೇಶಿ ಸಿನಗಾಗ್. ಪಕ್ಕಕ್ಕೆ ಮಟ್ಟಾಂಚೇರಿ ಅರಮನೆ, ಅದರ ಅಂಗಳದ ಭಗವತಿ ದೇವಸ್ಥಾನ. ಹಿಂದೆ ಶುಂಠಿ, ಕಾಳುಮೆಣಸಿನ ಗೋದಾಮುಗಳಿದ್ದ ಕಡೆ ಈಗ ಹಳೆಯ ಸಾಮಾನು ಮಾರುವ ಅಂಗಡಿಗಳು ಹೆಚ್ಚು. ಮೆಣಸಿನ ವಾಸನೆ ಮಾತ್ರ ಪೂರ್ತಿ ಹೋಗಿಲ್ಲ. ಈ ಓಣಿಯಲ್ಲೇ ಸಾರಾ ಅವರ ಕಸೂತಿ ಅಂಗಡಿ. ಊರಿನವರಿಗೆಲ್ಲ ಅವರು ಸಾರಾ ಆಂಟಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ಕೂತ ಅವರನ್ನು ದಾರಿಯಲ್ಲಿ ಹೋಗುವ ಪ್ರವಾಸಿಗಳು ನಿಂತು ನೋಡುತ್ತಿದ್ದರು.

ಯಹೂದಿಗಳು ಕೊಚ್ಚಿಗೆ ಎಲ್ಲಿಂದ ಬಂದರು ಎಂದು ಕೇಳಿದ್ದೀರಿ. ಅವರು ಮೊದಲು ನೆಲೆ ನಿಂತದ್ದು ಕೊಡುಂಗಲ್ಲೂರಿನಲ್ಲಿ. ಸುಮಾರು ಕ್ರಿ.ಶ. 1000ದಲ್ಲಿ ಭಾಸ್ಕರ ರವಿವರ್ಮನೆಂಬ ದೊರೆ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನ ಕೊಟ್ಟ. ಪಲ್ಲಕ್ಕಿ, ಛತ್ರಿ, ವಾದ್ಯ ಎಲ್ಲ ಸೇರಿ 72 ಮರ್ಯಾದೆಗಳು ಅದರಲ್ಲಿದ್ದವು. ಆ ತಗಡುಗಳನ್ನು ಇವತ್ತಿಗೂ ಪರದೇಶಿ ಸಿನಗಾಗಿನವರು ಕಾಪಾಡಿಕೊಂಡಿದ್ದಾರೆ. ಸ್ಪೇನಿನ ದೊರೆಗಳು 1492ರಲ್ಲಿ ಯಹೂದಿಗಳನ್ನು ಹೊರಗಟ್ಟಿದ ಮೇಲೆ ಇನ್ನೊಂದು ಗುಂಪು ಈ ಕರಾವಳಿಗೆ ಬಂತು. ಇವರೇ ಪರದೇಶಿಗಳು. ಪೋರ್ಚುಗೀಸರ ಕಾಟ ತಾಳಲಾರದೆ ಬಂದವರಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಗೋಡೆಗೆ ಹೊಂದಿಕೊಂಡೇ ಜಾಗ ಕೊಟ್ಟ. 1568ರಲ್ಲಿ ಸಿನಗಾಗ್ ಎದ್ದಿತು. ನಮ್ಮ ಕರಾವಳಿಯ ಕೊಂಕಣಿ ಮಂದಿಯ ಕಥೆಯೂ ಇಲ್ಲಿ ಬಂದು ಸೇರುತ್ತದೆ ನೋಡಿ. ಗೋವೆಯಲ್ಲಿ ಅದೇ ಪೋರ್ಚುಗೀಸರ ಹಿಂಸೆಗೆ ಊರು ಬಿಟ್ಟವರಲ್ಲಿ ಕೆಲವರು ಮಂಗಳೂರು, ಉಡುಪಿಯ ಕಡೆ ಉಳಿದರು, ಕೆಲವರು ಇನ್ನೂ ಕೆಳಗೆ ಇಳಿದು ಕೊಚ್ಚಿ ಸೇರಿದರು. ಅವರ ತಿರುಮಲ ದೇವಸ್ಥಾನ ಇರುವುದೂ ಮಟ್ಟಾಂಚೇರಿಯಲ್ಲೇ. ಒಂದೇ ಕೈಯಿಂದ ಪೆಟ್ಟು ತಿಂದ ಎರಡು ಸಮುದಾಯದವರು ಒಬ್ಬನೇ ರಾಜನ ನೆರಳಿನಲ್ಲಿ ಕೂತರು.

ಇಲ್ಲಿನ ಜನ ಯಹೂದಿಗಳನ್ನು ಹಿಂಸಿಸಲಿಲ್ಲ. ಹಾಗಿದ್ದರೂ ಹೋದರು. 1948ರಲ್ಲಿ ಇಸ್ರೇಲ್ ಹುಟ್ಟಿತು; 50ರ ದಶಕದಲ್ಲಿ ಮೊದಲಿನಿಂದ ಇಲ್ಲಿದ್ದ ಮಲಬಾರಿ ಯಹೂದಿಗಳು ಊರಿಗೆ ಊರೇ ಎದ್ದು ಹಡಗು, ವಿಮಾನ ಹತ್ತಿದರು. ಪರದೇಶಿಗಳು ಸ್ವಲ್ಪ ನಿಧಾನಕ್ಕೆ, ಮನೆ ಮನೆಯಾಗಿ ಹೋದರು. ಧರ್ಮದ ಸೆಳೆತವೊಂದು, ಮಕ್ಕಳಿಗೆ ಸಂಬಂಧ ಸಿಗದ ಚಿಂತೆ ಇನ್ನೊಂದು. 1968ರಲ್ಲಿ ಸಿನಗಾಗಿಗೆ 400 ವರ್ಷ ತುಂಬಿದಾಗ ಇಂದಿರಾ ಗಾಂಧಿ ಬಂದಿದ್ದರು, ಅಂಚೆ ಚೀಟಿಯೂ ಹೊರಟಿತ್ತು. ಅಷ್ಟು ದೊಡ್ಡ ಹಬ್ಬ ಆ ಓಣಿ ಮತ್ತೆ ಕಾಣಲಿಲ್ಲ. ಸಾರಾ ಮತ್ತು ಅವರ ಗಂಡ ಜೇಕಬ್ ಕೋಹೆನ್ ಹೋಗಲಿಲ್ಲ. ಒಬ್ಬೊಬ್ಬರೇ ನೆರೆಯವರು ಬೀಗ ಹಾಕಿಕೊಂಡು ಹೊರಟಾಗ ಈ ಇಬ್ಬರು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಿರಬೇಕು.

ಒಂದು ಮಾತನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಈ ಪುಟ್ಟ ಸಮುದಾಯದ ಒಳಗೂ ಗೆರೆಗಳಿದ್ದವು. ಪರದೇಶಿಗಳು ಮಲಬಾರಿಗಳ ಜೊತೆ ಮದುವೆ ಮಾಡುತ್ತಿರಲಿಲ್ಲ. ಒಂದು ಕಾಲದಲ್ಲಿ ತಮ್ಮ ಮನೆಗಳ ಆಳುಗಳಾಗಿದ್ದು ಬಿಡುಗಡೆ ಹೊಂದಿದವರ ಸಂತತಿಗೆ ಪರದೇಶಿ ಸಿನಗಾಗಿನಲ್ಲಿ ಸರಿಸಮನಾಗಿ ಕೂರುವ ಹಕ್ಕು ಇರಲಿಲ್ಲ. ಅವರಲ್ಲೇ ಹುಟ್ಟಿದ ಎ. ಬಿ. ಸೇಲಂ ಎಂಬ ವಕೀಲರು ಗಾಂಧೀಜಿಯ ದಾರಿ ಹಿಡಿದು ತಮ್ಮದೇ ದೇವರ ಮನೆಯಲ್ಲಿ ಸತ್ಯಾಗ್ರಹ ಮಾಡಿದರು, ಕೊನೆಗೆ ಗೆರೆ ಅಳಿಸಿದರು. ಯಹೂದಿ ಗಾಂಧಿ ಎಂದೇ ಜನ ಅವರನ್ನು ಕರೆದರು. 1967ರಲ್ಲಿ ಅವರು ತೀರಿಕೊಂಡರು. ಓಣಿಯನ್ನು ನೆನೆಯುವಾಗ ಸೇಲಂ ಅವರನ್ನು ಬಿಟ್ಟರೆ ಅದು ಬರೀ ಚಂದದ ಚಿತ್ರವಾದೀತು. ಪ್ರೀತಿಪಾತ್ರರನ್ನು ನೆನೆಯುವುದೆಂದರೆ ಅವರ ಸುತ್ತಲಿನ ಬದುಕನ್ನು ಇದ್ದ ಹಾಗೇ ನೆನೆಯಬೇಕು ಎಂದು ನಂಬಿದವನು ನಾನು.

ಇನ್ನು ಈಗ ಆ ಅಂಗಡಿಯನ್ನು ನಡೆಸುವ ತಾಹಾ ಇಬ್ರಾಹಿಂ ಅವರ ವಿಷಯ. ಹೆಸರು ಹೇಳುವವರು ಯಾರು ಎಂದು ನೀವು ಕೇಳಿದ್ದಕ್ಕೆ ಉತ್ತರ ಇರುವುದೇ ಇಲ್ಲಿ.

1980ರ ದಶಕದ ಆರಂಭದಲ್ಲಿ ತಾಹಾ ಆ ಓಣಿಯಲ್ಲಿ ಪ್ರವಾಸಿಗಳಿಗೆ ಪಿಕ್ಚರ್ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಹುಡುಗ. ಮುಸ್ಲಿಂ ಮನೆಯವನು, ಶಾಲೆ ಬಿಟ್ಟವನು. ಕಾರ್ಡುಗಳನ್ನು ಇಡುತ್ತಿದ್ದ ಗೋದಾಮು ಒಂದು ದಿನ ಬಾಗಿಲು ಹಾಕಿತ್ತು. ಜೇಕಬ್ ಕೋಹೆನ್ ತಮ್ಮ ಮನೆಯಲ್ಲೇ ಇಟ್ಟುಕೋ ಎಂದರು. ಸಾರಾಗೆ ಮೊದಮೊದಲು ಆ ಹುಡುಗ ಮನೆಯೊಳಗೆ ಓಡಾಡುವುದು ಹಿಡಿಸಲಿಲ್ಲವಂತೆ. ಆಮೇಲೊಮ್ಮೆ ಹೊಲಿಗೆಯ ಕೆಲಸದಲ್ಲಿ ಹುಡುಗ ಕೈ ಸೇರಿಸಿದ. ಅವನಿಗೆ ಹೊಲಿಗೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ ಎಂಬುದು ಸಾರಾ ಕಣ್ಣಿಗೆ ಬಿತ್ತು. ಕಸೂತಿ ಗೊತ್ತಿರುವ ನಿಮಗೆ ಇದರ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಒಬ್ಬರ ಕೈಯ ಹದ ಇನ್ನೊಬ್ಬರಿಗೆ ಒಪ್ಪಿಗೆಯಾಯಿತು ಎಂದರೆ ಜಾತಿ, ವಯಸ್ಸು, ಹಳೆಯ ಮುನಿಸು ಯಾವುದೂ ಬಹಳ ದಿನ ಅಡ್ಡ ನಿಲ್ಲುವುದಿಲ್ಲ.

ಜೇಕಬ್ 1999ರಲ್ಲಿ ತೀರಿಕೊಂಡರು. ಹೋಗುವ ಮುಂಚೆ ಸಾರಾಳನ್ನು ನೋಡಿಕೋ ಎಂದು ತಾಹಾ ಕೈಯಲ್ಲಿ ಮಾತು ಪಡೆದರು. ಸಾಯುವವನಿಗೆ ಕೊಟ್ಟ ಮಾತು ಇಸ್ಲಾಮಿನಲ್ಲಿ ಬಹಳ ದೊಡ್ಡದು, ತಾಹಾ ಅದನ್ನು ಹಾಗೆಯೇ ತೆಗೆದುಕೊಂಡರು. ಮುಂದಿನ 20 ವರ್ಷ ಅವರು, ಅವರ ಹೆಂಡತಿ, ಮಕ್ಕಳು ಆ ಮನೆಗೆ ಒತ್ತಾಸೆಯಾಗಿ ನಿಂತರು. ಸಾರಾ ಏನು ತಿನ್ನಬಹುದು, ಏನು ಕೂಡದು, ಯಾವ ಹಬ್ಬಕ್ಕೆ ಯಾವ ಸಿದ್ಧತೆ, ಶುಕ್ರವಾರ ಹೊತ್ತು ಮುಳುಗುವ ಮುಂಚೆ ಏನೇನು ಮುಗಿಯಬೇಕು, ಎಲ್ಲ ಆ ಮುಸ್ಲಿಂ ಮನೆಯವರಿಗೆ ಬಾಯಿಪಾಠವಾಯಿತು. ನಡೆಸಬೇಕಾದ ಯಹೂದಿಗಳು ಒಬ್ಬೊಬ್ಬರೇ ಕಡಿಮೆಯಾಗುತ್ತ ಹೋದ ಹಾಗೆ ಅವರ ಪದ್ಧತಿಯನ್ನು ಕಲಿತಿಟ್ಟುಕೊಂಡವರು ಪಕ್ಕದ ಮನೆಯವರು. ಈ ನಂಟಿನ ಬಗ್ಗೆ ಸಾಕ್ಷ್ಯಚಿತ್ರವೂ ಬಂದಿದೆ. ಅದರ ಹೆಸರಿನಲ್ಲಿ ಸಾರಾ ಮತ್ತು ತಾಹಾ ಇಬ್ಬರೂ ಇದ್ದಾರೆ.

ಸಾರಾ ಹೋದ ಮೇಲೆ ತಾಹಾ ಅಂಗಡಿಯನ್ನು ಮುಚ್ಚಲಿಲ್ಲ. ಮುಚ್ಚುವುದಿಲ್ಲ ಎಂದು ಸಾರಾಗೂ ಮಾತು ಕೊಟ್ಟಿದ್ದರು. ಇವತ್ತಿಗೂ ಅಲ್ಲಿ ಯಹೂದಿ ಗಂಡಸರು ತಲೆಗೆ ಇಡುವ ಕಿಪ್ಪಾ ಎಂಬ ಪುಟ್ಟ ಟೋಪಿ ಸಿಗುತ್ತದೆ, ಮೇಜಿನ ಹಾಸು ಸಿಗುತ್ತದೆ, ಹಲ್ಲಾ ಎಂಬ ರೊಟ್ಟಿಗೆ ಹೊದಿಸುವ ಬಟ್ಟೆ ಸಿಗುತ್ತದೆ.

ಈ ಕೊನೆಯದನ್ನು ನಾನು ಒಂದು ತಂದಿದ್ದೇನೆ. ಬರೆಯುತ್ತಿರುವ ಮೇಜಿನ ಮೇಲೇ ಇದೆ. ಬಿಳಿ ಬಟ್ಟೆ, ಅಂಚಿಗೆ ಲೇಸು, ನಡುವೆ ಹೀಬ್ರೂ ಅಕ್ಷರ. ನೀವು ಯಾವಾಗಲೂ ಹೇಳುತ್ತೀರಲ್ಲ, ಕಸೂತಿ ನೋಡಬೇಕಾದರೆ ಮಗ್ಗುಲು ತಿರುಗಿಸಿ ನೋಡು ಎಂದು, ಹಾಗೇ ಮಾಡಿದೆ. ಹಿಂಬದಿಯಲ್ಲಿ ದಾರದ ತುದಿಗಳು ಜೋತಾಡುವುದಿಲ್ಲ, ಒಂದೊಂದನ್ನೂ ಒಳಕ್ಕೆ ಎಳೆದು ಕೂರಿಸಿದ್ದಾರೆ. ಅಕ್ಷರದ ತಿರುವಿನಲ್ಲಿ ಹೊಲಿಗೆಗಳು ಚಿಕ್ಕವಾಗುತ್ತವೆ, ನೇರ ಗೆರೆ ಬಂದಾಗ ಉದ್ದವಾಗುತ್ತವೆ. ಧಾರವಾಡದ ಕಸೂತಿಯ ಹಾಗೆ ಎಳೆ ಎಣಿಸಿ ಮಾಡುವ ಕೆಲಸವಲ್ಲ ಇದು. ಗವಂತಿ ಹೊಲಿಗೆಯೂ ಇಲ್ಲ, ಮುರ್ಗಿ ಹೊಲಿಗೆಯೂ ಇಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣುವುದೂ ಇಲ್ಲ. ಆದರೆ ಕಾಣದ ಕಡೆಯಲ್ಲೂ ಅಚ್ಚುಕಟ್ಟು ಇರಬೇಕೆಂಬ ಹಟ ನಿಮ್ಮ ಅವ್ವನದೇ.

ಆ ಬಟ್ಟೆಯ ಕೆಲಸ ಏನೆಂದು ಕೇಳಿದರೆ ನಿಮಗೆ ಹಿಡಿಸುತ್ತದೆ. ಶುಕ್ರವಾರ ರಾತ್ರಿ ಊಟದ ಮೇಜಿನ ಮೇಲೆ ದ್ರಾಕ್ಷಾರಸವೂ ಇರುತ್ತದೆ, ಎರಡು ರೊಟ್ಟಿಗಳೂ ಇರುತ್ತವೆ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಹಿರಿಯರಿಗೆ ದೇವರು ಆಕಾಶದಿಂದ ಆಹಾರ ಸುರಿಸಿದಾಗ ಶಬ್ಬತ್ತಿನ ಹಿಂದಿನ ದಿನ ಎರಡು ಪಾಲು ಸುರಿಸಿದನಂತೆ, ಅದರ ಗುರುತಿಗೆ ಎರಡು ರೊಟ್ಟಿ. ಸಾಮಾನ್ಯ ದಿನಗಳಲ್ಲಿ ಆಶೀರ್ವಾದದ ಮೊದಲ ಸಲ್ಲಿಕೆ ರೊಟ್ಟಿಗೆ. ಆದರೆ ಶುಕ್ರವಾರ ರಾತ್ರಿ ಮೊದಲು ದ್ರಾಕ್ಷಾರಸದ ಬಟ್ಟಲೆತ್ತಿ ಮಂತ್ರ ಹೇಳುತ್ತಾರೆ. ತನ್ನ ಸರದಿ ಹಿಂದೆ ಬಿತ್ತಲ್ಲ ಎಂದು ರೊಟ್ಟಿಗೆ ನಾಚಿಕೆಯಾಗಬಾರದು, ಅದಕ್ಕೇ ಅದನ್ನು ಚಂದದ ಬಟ್ಟೆಯಿಂದ ಮುಚ್ಚಿಡುತ್ತಾರೆ. ರೊಟ್ಟಿಯ ಮರ್ಯಾದೆಯನ್ನು ಕಾಯುವ ಬಟ್ಟೆ! ಅದನ್ನು ಹೊಲಿಯುತ್ತ ಸಾರಾ ಎಷ್ಟೋ ವರ್ಷ ಕಳೆದರು. ಈಗ ಅದನ್ನು ಹೊಲಿಸಿ ಮಾರುತ್ತಿರುವ ತಾಹಾ ಮನೆಯ ಊಟದ ಮೇಜಿನ ಮೇಲೆ ಅದು ಇರಬೇಕಾಗಿಲ್ಲ. ಆದರೂ ಅದರ ಕಾರಣ ಅವರಿಗೆ ಗೊತ್ತು, ಕೇಳಿದವರಿಗೆ ಹೇಳುತ್ತಾರೆ.

ಸತ್ತವರನ್ನು ನೆನೆಯುವ ವಿಷಯದಲ್ಲಿ ಯಹೂದಿಗಳಷ್ಟು ಕಟ್ಟುನಿಟ್ಟಾದ ಕ್ರಮ ಇಟ್ಟುಕೊಂಡವರು ಕಡಿಮೆ. ಮೊದಲ 7 ದಿನ ಮನೆಯವರು ತಗ್ಗಿನ ಆಸನದಲ್ಲಿ ಕೂರುತ್ತಾರೆ, ಹೊರಗೆ ಹೋಗುವುದಿಲ್ಲ, ಊಟವನ್ನು ನೆರೆಹೊರೆಯವರು ತಂದುಕೊಡುತ್ತಾರೆ. 30 ದಿನದ ತನಕ ಇನ್ನೊಂದು ಹಂತ. ತಂದೆ ತಾಯಿಗಾದರೆ ಮಕ್ಕಳು ವರ್ಷದ ಬಹುಪಾಲು ದಿನವೂ ಕದ್ದೀಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ವರ್ಷ ವರ್ಷ ಆ ತಿಥಿಗೆ ಇಡೀ ದಿನ ಉರಿಯುವ ದೀಪ ಹಚ್ಚುತ್ತಾರೆ. ಸಮಾಧಿಗೆ ಹೂವು ತರುವುದಿಲ್ಲ, ಬಂದಿದ್ದೆವು ಎಂಬುದಕ್ಕೆ ಒಂದು ಕಲ್ಲು ಇಟ್ಟು ಹೋಗುತ್ತಾರೆ. ಕದ್ದೀಶಿನಲ್ಲಿ ಸಾವಿನ ಮಾತೇ ಬರುವುದಿಲ್ಲ, ಅದು ಉದ್ದಕ್ಕೂ ದೇವರ ಸ್ತುತಿ. ಎದೆ ಒಡೆದಿರುವ ಹೊತ್ತಿನಲ್ಲೇ ಎದ್ದು ನಿಂತು, ಜನರ ನಡುವೆ, ದೇವರು ದೊಡ್ಡವನು ಎಂದು ಹೇಳಬೇಕು. ಮತ್ತು ಒಬ್ಬರೇ ಹೇಳುವ ಹಾಗಿಲ್ಲ. ಸಂಪ್ರದಾಯದ ಪ್ರಕಾರ 10 ಮಂದಿ ಯಹೂದಿ ಗಂಡಸರು ಕೂಡಿರಬೇಕು. ದುಃಖಿತರನ್ನು ಒಂಟಿಯಾಗಿ ಬಿಡಬಾರದೆಂಬ ಅಂತಃಕರಣ ಈ ನಿಯಮದೊಳಗೆ ಇದೆ ಎಂದೇ ನನಗೆ ಅನ್ನಿಸುತ್ತದೆ.

ಆದರೆ 10 ಮಂದಿ ಇಲ್ಲದ ಊರಿನಲ್ಲಿ ಏನು ಮಾಡಬೇಕು? ಮಟ್ಟಾಂಚೇರಿ ಎಷ್ಟೋ ವರ್ಷಗಳಿಂದ ಈ ಕಷ್ಟವನ್ನು ಉಂಡಿದೆ. ಎರ್ನಾಕುಲಂ ಕಡೆ ಉಳಿದ ಮಲಬಾರಿಗಳು ಬಂದು ಸೇರಬೇಕು, ಇಲ್ಲವೇ ಇಸ್ರೇಲಿನಿಂದಲೋ ಅಮೆರಿಕದಿಂದಲೋ ಬಂದ ಪ್ರವಾಸಿಗಳು ಲೆಕ್ಕ ತುಂಬಿಸಬೇಕು. ಒಂದು ಕಾಲಕ್ಕೆ ಮದುವೆ ಸಂಬಂಧಕ್ಕೆ ಒಲ್ಲೆ ಎನಿಸಿಕೊಂಡವರೇ ಇವರ ಪ್ರಾರ್ಥನೆಗೆ ಹೆಗಲು ಕೊಟ್ಟರು. ಸಾರಾ ತೀರಿಕೊಂಡಾಗ ಓಣಿಯಲ್ಲಿ ಉಳಿದ ಪರದೇಶಿಗಳು ಇಬ್ಬರು. ಅವರಲ್ಲಿ ಕ್ವೀನಿ ಹಲೆಗುವಾ 2024ರ ಆಗಸ್ಟಿನಲ್ಲಿ, 89ರ ವಯಸ್ಸಿನಲ್ಲಿ ಹೋದರು.

ಸಾರಾ ಹೋದ ಮರು ತಿಂಗಳು, ಸೆಪ್ಟೆಂಬರಿನಲ್ಲಿ, ಇನ್ನೊಂದು ಘಟನೆ ನಡೆಯಿತು. ಮಟ್ಟಾಂಚೇರಿಯಲ್ಲಿ ಕಡವುಂಭಾಗಂ ಎಂಬ ಮಲಬಾರಿ ಯಹೂದಿಗಳ ಹಳೆಯ ಸಿನಗಾಗ್ ಇತ್ತು. ಮಂದಿ ಇಸ್ರೇಲಿಗೆ ಹೋದ ಮೇಲೆ ಅದು ಗೋದಾಮಾಯಿತು. ಅದರ ಒಳಗಿನ ಮರದ ಕೆತ್ತನೆಯನ್ನು ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಒಯ್ದರು, ಅಲ್ಲಿ ಮತ್ತೆ ಜೋಡಿಸಿದ್ದಾರೆ, ಬಹಳ ಚೆನ್ನಾಗಿ ಇಟ್ಟಿದ್ದಾರೆ. ಇಲ್ಲಿ ಉಳಿದ ಗೋಡೆಗಳ ಮುಂಭಾಗ ಆ ಸೆಪ್ಟೆಂಬರಿನಲ್ಲಿ ಕುಸಿದು ಬಿತ್ತು. ಮ್ಯೂಸಿಯಂ ಮಾಡಿದ್ದು ದೊಡ್ಡ ಕೆಲಸವೇ. ಅದು ಒಯ್ಯದಿದ್ದರೆ ಆ ಕೆತ್ತನೆಯೂ ಮಣ್ಣಾಗುತ್ತಿತ್ತು. ಆದರೆ ಯಾರೂ ಬಾಗಿಲು ತೆಗೆಯದ, ಯಾರೂ ಕಸ ಗುಡಿಸದ ಕಟ್ಟಡ ಎಷ್ಟು ಹಳೆಯದಾದರೂ ನಿಲ್ಲುವುದಿಲ್ಲ. ತಾಹಾ ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವುದನ್ನು ನಾನು ಅಷ್ಟು ದೊಡ್ಡದಾಗಿ ಕಾಣುವುದು ಅದಕ್ಕೇ. ಸಾರಾ ಹೆಸರನ್ನು ಅವರು ಭಾಷಣದಲ್ಲಿ ಉಳಿಸಿಲ್ಲ, ಸಾರಾ ಮಾಡುತ್ತಿದ್ದ ಕೆಲಸವನ್ನು ಮಾಡುತ್ತಾ ಉಳಿಸಿದ್ದಾರೆ. ಕದ್ದೀಶಿಗೆ ಬೇಕಾದ ಹತ್ತು ಜನರಲ್ಲಿ ತಾಹಾಗೆ ಲೆಕ್ಕವಿಲ್ಲ, ನಿಯಮ ಹಾಗಿದೆ, ಅದು ಯಹೂದಿಗಳ ಧರ್ಮದ ಮಾತು, ನಾನು ಅದರೊಳಗೆ ಕೈ ಹಾಕುವುದಿಲ್ಲ. ಆದರೆ ಸಾರಾ ಆಂಟಿಯ ಹೆಸರು ಹೇಳುವವರು ಯಾರು ಎಂದು ಯಾರೇ ಕೇಳಿದರೂ ನಾನು ಮೊದಲು ಬೆರಳು ತೋರಿಸುವುದು ಆ ಅಂಗಡಿಯ ಕಡೆಗೇ.

ಈಗ ನಿಮ್ಮ ಮನೆಯ ಮಾತು. ಅವ್ವ ಅರ್ಧಕ್ಕೆ ಬಿಟ್ಟುಹೋದ ಇಳಕಲ್ ಸೆರಗನ್ನು ಹಾಗೇ ಮಡಿಸಿಟ್ಟಿದ್ದೇನೆ, ಮುಟ್ಟಲು ಕೈ ಬಾರದು, ಅವರ ಹೊಲಿಗೆಯ ಪಕ್ಕದಲ್ಲಿ ನನ್ನದು ಎದ್ದು ಕಾಣುತ್ತದೆ ಎಂದು ಬರೆದಿದ್ದೀರಿ. ಕಾಣಲಿ ಅಕ್ಕ. ಎಲ್ಲಿಯ ತನಕ ಅವ್ವ, ಎಲ್ಲಿಂದ ಮಗಳು ಎಂದು ಮೊಮ್ಮಗಳು ಬೆರಳಿಟ್ಟು ತೋರಿಸುವ ಹಾಗಿರಲಿ. ಸೂಜಿಗೆ ದಾರ ಪೋಣಿಸಿ. ವರ್ಷದ ದಿನಕ್ಕೆ ಮುಗಿಯಲೇಬೇಕೆಂದು ಅವಸರ ಮಾಡಬೇಡಿ, ಆ ದಿನ ಕಸೂತಿಯ ಒಂದು ಗೋಪುರವಾದರೂ ಎದ್ದರೆ ಸಾಕು.

ಡಿಸೆಂಬರಿನಲ್ಲಿ ಮಗನ ಜೊತೆ ಕೇರಳಕ್ಕೆ ಹೋಗುವ ವಿಚಾರವಿದೆ ಎಂದಿರಿ. ಹೋಗಿ ಬನ್ನಿ. ಮಟ್ಟಾಂಚೇರಿಗೆ ಹೋಗುವ ದಿನವನ್ನು ಮಾತ್ರ ನೋಡಿ ಗೊತ್ತು ಮಾಡಿಕೊಳ್ಳಿ. ಶುಕ್ರವಾರ ಮಧ್ಯಾಹ್ನದ ಮೇಲೆ, ಶನಿವಾರ ಇಡೀ ದಿನ, ಯಹೂದಿ ಹಬ್ಬಗಳಲ್ಲಿ ಸಿನಗಾಗಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಾಲ ಕೆಳಗಿನ ನೀಲಿ ಬಿಳಿ ಹಂಚುಗಳು ಚೀನಾದಿಂದ ಬಂದವು, ಕೈಯಲ್ಲೇ ಚಿತ್ರ ಬರೆದವು. ಮೇಲೆ ತೂಗುವ ದೀಪದ ಗುಚ್ಛಗಳನ್ನೇ ಎಲ್ಲರೂ ನೋಡುತ್ತಾರೆ, ನೀವು ಸ್ವಲ್ಪ ಹೊತ್ತು ನೆಲ ನೋಡಿ, ನಿಮಗೆ ಕೈತುಂಬ ವಿನ್ಯಾಸಗಳು ಸಿಗುತ್ತವೆ. ಹೊರಗೆ 1760ರ ಸುಮಾರಿಗೆ ಎಝೆಕಿಯೆಲ್ ರಹಾಬಿ ಎಂಬ ವರ್ತಕರು ಕಟ್ಟಿಸಿದ ಗಡಿಯಾರದ ಗೋಪುರವಿದೆ. ಅಲ್ಲಿಂದ ಹೊರಟರೆ ಸಾರಾ ಆಂಟಿಯ ಅಂಗಡಿ ಅದೇ ಓಣಿಯಲ್ಲಿ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಇನ್ನೊಂದು ಅರ್ಧ ದಿನ ಸಿಕ್ಕರೆ ಪರವೂರಿನ ಹತ್ತಿರದ ಚೇಂದಮಂಗಲಕ್ಕೂ ಹೋಗಿ. ಅಲ್ಲಿನ ಹಳೆಯ ಸಿನಗಾಗನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಅದರ ಮುಂದೆ ಒಂದು ಸಮಾಧಿ ಕಲ್ಲಿದೆ, 1269ನೇ ಇಸವಿಯದು. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಬರಹಗಳಲ್ಲಿ ಅತಿ ಹಳೆಯದು ಅದೇ ಎನ್ನುತ್ತಾರೆ. ಅದರ ಮೇಲಿರುವುದು ಒಬ್ಬ ಹೆಣ್ಣುಮಗಳ ಹೆಸರು: ಸಾರಾ, ಇಸ್ರಾಯೇಲನ ಮಗಳು. ದೊರೆಯಲ್ಲ, ವರ್ತಕನಲ್ಲ, ರಬ್ಬಿಯಲ್ಲ. ಯಾರದೋ ಮನೆಯ ಮಗಳು. ನಮ್ಮ ಸಾರಾ ಆಂಟಿಗೂ ಆಕೆಗೂ ನಡುವೆ 750 ವರ್ಷ.

ಚೇಂದಮಂಗಲ ಕೈಮಗ್ಗಕ್ಕೂ ಹೆಸರುವಾಸಿ. 2018ರ ಮಹಾಪೂರದಲ್ಲಿ ಮಗ್ಗಗಳು ಮುಳುಗಿದವು, ಓಣಂಗೆಂದು ನೇದಿಟ್ಟಿದ್ದ ಸೀರೆಗಳು ಕೆಸರಾದವು. ಆ ಕೆಸರಾದ ಸೀರೆಗಳನ್ನು ಒಗೆದು, ಕತ್ತರಿಸಿ, ಚೇಕುಟ್ಟಿ ಎಂಬ ಪುಟ್ಟ ಬೊಂಬೆ ಮಾಡಿ ಮಾರಿ ನೇಕಾರರಿಗೆ ನೆರವಾದರು. ನೇಕಾರರ ಸಹಕಾರ ಸಂಘದ ಅಂಗಡಿಯಲ್ಲಿ ಅಂಚು ನೋಡಿಕೊಂಡು ಒಂದು ಮುಂಡು ತೆಗೆದುಕೊಳ್ಳಿ, ನನಗೂ ಒಂದು ತನ್ನಿ, ದುಡ್ಡು ಕಳಿಸುತ್ತೇನೆ. ಹೊರಡುವ ತಾರೀಖು ಗೊತ್ತಾದ ಕೂಡಲೇ ಬರೆಯಿರಿ. ಮಟ್ಟಾಂಚೇರಿಯ ಯಹೂದಿ ಸ್ಮಶಾನದ ಗೇಟು ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಒಳಗೆ ಹೋಗಬೇಕೆಂದರೆ ಅಲ್ಲಿನವರನ್ನು ಮೊದಲೇ ವಿನಯದಿಂದ ಕೇಳಿಕೊಳ್ಳಬೇಕು. ಸಿಕ್ಕರೆ ನಮ್ಮಿಬ್ಬರ ಪರವಾಗಿ ಒಂದು ಕಲ್ಲು ಇಟ್ಟು ಬನ್ನಿ.



ನಿಮ್ಮ ತಮ್ಮ